ಬಲೆಮನೆಯಲ್ಲಿ ನಾನು ನಿಲ್ಲಿಸಿದ ಹಾಡು

ತಾವಾಲೊ ದ್ವೀಪ, ಪೆಸಿಫಿಕ್ ಸಾಗರ
ಫೆಬ್ರವರಿ ೩೦, ೨೨೪೭

ಇನ್ನೂರು ವರ್ಷ ಹಿಂದಿನ ನನ್ನ ಮನೆಯವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮ್ಮ ಕಾಲದಲ್ಲಿ ಆಗಸ್ಟಿನಿಂದ ಒಂದು, ಡಿಸೆಂಬರಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಸೇರಿಸಿದ್ದಾರೆ. ಯಾಕೆಂದು ಕೇಳಿದರೆ ಒಬ್ಬರೂ ನೆಟ್ಟಗೆ ಉತ್ತರ ಕೊಡುವುದಿಲ್ಲ. ಇದರಲ್ಲಿ ಏನೋ ಮಸಲತ್ತು ಇದೆ ಎಂದು ನನಗೆ ಮೊದಲಿನಿಂದಲೂ ಅನುಮಾನ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಔಷಧಿ ಚೀಟಿ, ಮದುವೆಯ ಕರೆಯೋಲೆಗಳನ್ನು ಓದಿ ಕಲಿತವಳು. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಸತ್ತವರಿಗೆ, ಅವರು ಬದುಕಿದ್ದ ದಿನಗಳಿಗೇ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಇಂಥ ಬಡಾವಣೆಯಲ್ಲಿ ಸೈಟು ತೆಗೆದುಕೊಳ್ಳಿ ಎಂದು ಮುತ್ತಜ್ಜನಿಗೆ ಬರೆಯುವ ಜಾಣರ ಕಾಗದಗಳನ್ನು ಅಲ್ಲೇ ಹರಿದುಹಾಕುತ್ತಾರೆ. ನಾನು ಅಂಥದ್ದೇನೂ ಕೇಳುವುದಿಲ್ಲ.

ನನ್ನ ಹೆಸರು ಚನ್ನಾಂಬಿಕೆ. ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಉಸಿರುತನಿಖೆಯ ಕೆಲಸ ಮಾಡಿದ್ದೇನೆ. ನಮ್ಮಲ್ಲಿ ಮನುಷ್ಯರು ಹಾಡುವುದನ್ನು ಬಿಟ್ಟು ಮೂರು ತಲೆಮಾರಾಯಿತು. ಹಾಡುವುದೆಲ್ಲ ಮರುಗಂಟಲು, ಅಂದರೆ ಗಾಳಿಯಲ್ಲಿ ಮೂಡಿಸಿದ ಮನುಷ್ಯಾಕೃತಿಯ ಬಾಯಿಗೆ ಕೂರಿಸಿದ ಯಂತ್ರದ ದನಿ. ಅದು ಬೆವರು ಒರೆಸಿಕೊಳ್ಳುತ್ತದೆ, ನೀರು ಕೇಳುತ್ತದೆ, ಬೇಕೆಂದೇ ಅಲ್ಲಲ್ಲಿ ತಾಳ ತಪ್ಪುತ್ತದೆ. ಆಗಾಗ ಯಾರಾದರೂ ಜೀವಂತ ಗಾಯನ ಎಂದು ಬೋರ್ಡು ಹಾಕುತ್ತಾರೆ. ಅಲ್ಲಿಗೆ ಹೋಗಿ ಮೋಸ ಹಿಡಿಯುವುದು ನನ್ನ ಕೆಲಸ. ಹಾಡಿನ ನಡುವೆ ಕೈ ಎತ್ತಿ ನಿಲ್ಲಿಸುತ್ತೇನೆ. ಅದೇ ಸಾಲನ್ನು ಮತ್ತೆ ಹಾಡಿ ಎನ್ನುತ್ತೇನೆ. ಮನುಷ್ಯರಾದರೆ ಉಗುಳು ನುಂಗಬೇಕು, ಶ್ರುತಿ ಕೂದಲೆಳೆಯಷ್ಟು ಮೇಲೋ ಕೆಳಗೋ ಹೋಗಬೇಕು. ಮರುಗಂಟಲು ಬಿಟ್ಟ ಜಾಗವನ್ನೇ ಹಿಡಿಯುತ್ತದೆ. ಇಷ್ಟು ವರ್ಷದಲ್ಲಿ ನನ್ನ ಮುಂದೆ ಒಬ್ಬರೂ ಉಗುಳು ನುಂಗಲಿಲ್ಲ.

ಹೋದ ವರ್ಷ ನನ್ನ ಬಲಗಿವಿ ಹೋಯಿತು. ಎಡಗಿವಿ ಬರುವ ಯುಗಾದಿಯವರೆಗೆ ಉಳಿದರೆ ಹೆಚ್ಚು ಎಂದರು ವೈದ್ಯರು. ನಂಬಿಕೆಯಾಗದೆ ಇನ್ನಿಬ್ಬರನ್ನು ಕೇಳಿದೆ. ಮೂವರೂ ಮಾತಾಡಿಕೊಂಡವರಂತೆ ಅದನ್ನೇ ಹೇಳಿದರು. ಯಂತ್ರದ ಕಿವಿ ಹಾಕಿಸಿಕೊಳ್ಳಿ ಎಂದು ಸಲಹೆ ಬೇರೆ. ಯಂತ್ರದ ಹಾಡನ್ನು ಯಂತ್ರದ ಕಿವಿ ಕೇಳುವುದಕ್ಕೆ ನಡುವೆ ನಾನೇಕೆ ಬೇಕು? ಕಿವಿ ಮುಚ್ಚುವ ಮೊದಲು ನಿಜವಾದ ಗಂಟಲಿನಿಂದ ಒಂದೇ ಒಂದು ಹಾಡು ಕೇಳಬೇಕು ಎನ್ನಿಸಿತು. ಅದಕ್ಕಾಗಿ ಈ ಪ್ರವಾಸ.

ಪೆಸಿಫಿಕ್ ದ್ವೀಪಗಳಲ್ಲಿ ಇನ್ನೂ ಜನ ಹಾಡುತ್ತಾರೆ ಎಂದು ಪ್ರವಾಸಿ ಪಟ್ಟಿಗಳು ಹೇಳುತ್ತವೆ. ಮೊದಲ ದ್ವೀಪದಲ್ಲಿ ಹೋಟೆಲಿನ ಮುಂದೆ ಮರಳಿನ ಮೇಲೆ ದೊಡ್ಡ ಸಂಗೀತೋತ್ಸವ. ಡೋಲು ಬಾರಿಸುವವನ ಹಣೆಯಿಂದ ಬೆವರು ಬೀಳುತ್ತಿತ್ತು, ಮರಳು ಮಾತ್ರ ಒದ್ದೆಯಾಗುತ್ತಿರಲಿಲ್ಲ. ಎರಡನೆಯದರಲ್ಲಿ ನಲವತ್ತು ಜನರ ಮೇಳ. ಹಿಂದಿನ ಸಾಲಿನ ಹೆಂಗಸು ಹನ್ನೊಂದು ನಿಮಿಷಕ್ಕೊಮ್ಮೆ ಒಂದೇ ತರಹ ಕೆಮ್ಮಿದಳು. ಎರಡೂ ಕಡೆ ಬೈದು ಎದ್ದು ಬಂದೆ.

ಮೂರನೆಯದು ಈ ತಾವಾಲೊ. ಪಟ್ಟಿಯಲ್ಲಿ ಇದರ ಹೆಸರಿಲ್ಲ; ಇಲ್ಲೂ ಉತ್ಸವವಿದೆ ಎಂದು ದೋಣಿಯವನೊಬ್ಬ ಹೇಳಿದ್ದಕ್ಕೆ ಬಂದೆ. ಇಲ್ಲಿ ವಸತಿಗೃಹ ನಡೆಸುವ ಫಕೀರಪ್ಪ ಗದಗಿನ ಕಡೆಯವರು, ದೋಣಿ ರಿಪೇರಿಗೆಂದು ಬಂದು ಇಲ್ಲೇ ನಿಂತವರು. ಉತ್ಸವ ಎಲ್ಲಿ ಎಂದರೆ, ಚಾಪೆ ಹಿಡಿದು ಹೊರಟವರ ಹಿಂದೆ ಹೋಗಿರಿ ಎಂದರು. ಪೋಸ್ಟರಿಲ್ಲ, ಟಿಕೆಟಿಲ್ಲ. ನನ್ನ ಮೂಗಿಗೆ ಆಗಲೇ ಮೋಸದ ವಾಸನೆ ಬಡಿಯಿತು. ಬಲೆ ಒಣಹಾಕುವ ದೊಡ್ಡ ಚಪ್ಪರಕ್ಕೆ ಇವರು ಬಲೆಮನೆ ಎನ್ನುತ್ತಾರೆ. ಒಂಬತ್ತು ದಿನ, ಬೆಳಗ್ಗೆ ಸಮುದ್ರದ ನೀರು ಇಳಿದ ಹೊತ್ತಿಗೆ ಅಲ್ಲಿ ಉತ್ಸವ. ನಾನು ಕಂಬಗಳ ಹಿಂದೆ ತಂತಿ ಹುಡುಕುತ್ತಿದ್ದುದನ್ನು ಕಂಡು ಫಕೀರಪ್ಪನವರು ನಕ್ಕರು.

“ಅಕ್ಕಾರ, ಹಾಡು ಕೇಳಾಕ ಬಂದೀರೋ, ಕಳ್ಳರನ್ನ ಹಿಡಿಯಾಕ ಬಂದೀರೋ? ಸುಮ್ನ ಕುಂದರ್ರಿ. ನಡುವ ಕೈ ಮಾತ್ರ ಎತ್ತಬ್ಯಾಡ್ರಿ.”

ಮೋಸಗಾರರೆಲ್ಲ ಮೊದಲು ಹೇಳುವ ಮಾತೇ ಅದು. ಅವರ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆಯೂ ಹೋಯಿತು.

ಎರಡನೆಯ ದಿನ ಲೋಸಾ ಎಂಬ ಮುದುಕಿ ಎದ್ದು ನಿಂತು ಹಾಡಿದಳು, ಇನ್ನೂರು ಜನ ದನಿಗೂಡಿಸಿದರು. ದನಿ ಒರಟು, ಅಲ್ಲಲ್ಲಿ ಸೀಳು. ನನ್ನ ಮೈ ಜುಮ್ಮೆಂದಿತು. ಮೈ ಜುಮ್ಮೆನ್ನುವಂತೆ ಮಾಡುವುದು ಮರುಗಂಟಲಿಗೆ ಎಡಗೈ ಕೆಲಸ ಎಂದು ನನಗೆ ಗೊತ್ತು. ಸುಮ್ಮನೆ ಕೂತು ಕೇಳಿದ್ದರೆ ಬಂದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅಭ್ಯಾಸಬಲ; ಕೈ ಎತ್ತಿದೆ.

ಇನ್ನೂರು ಜನ ಒಟ್ಟಿಗೆ ನಿಲ್ಲಿಸಿದರು. ಲೋಸಾ ನನ್ನನ್ನೇ ನೋಡುತ್ತಾ ಉಗುಳು ನುಂಗಿದಳು. ಅವಳ ಗಂಟಲು ಮೇಲೆ ಹೋಗಿ ಕೆಳಗೆ ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಖುಷಿಯಿಂದ ಅಳು ಬಂತು. ಮತ್ತೆ ಹಾಡಿ ಎಂದು ಸನ್ನೆ ಮಾಡಿದೆ. ಯಾರೂ ಹಾಡಲಿಲ್ಲ.

“ಆತಲ್ಲ!” ಎಂದರು ಫಕೀರಪ್ಪ. “ಇಲ್ಲಿ ಕೈ ಎತ್ತಿದ್ರ, ಹಾಡು ನನಗ ಕೊಡ್ರಿ ಅಂತ ಅರ್ಥ. ಈಗ ನೀವು ಹಾಡೂತನಕ ಯಾರೂ ಬಾಯಿ ಬಿಡಂಗಿಲ್ಲ. ನಿಮ್ಮ ಮನ್ಯಾಂದು ಒಂದು ಹಾಡ್ರಿ. ಬಾಯಿಂದ ಬಾಯಿಗೆ ಬಂದಿದ್ದು ಇರಬೇಕು ನೋಡ್ರಿ.”

ನನ್ನ ಮನೆಯದು ಎಂದರೆ ಯಾವುದು? ನನ್ನ ತಾಯಿ ಹಾಡಿದ್ದನ್ನು ನಾನು ಕೇಳಿಲ್ಲ, ಅವಳು ಅವಳ ತಾಯಿ ಹಾಡಿದ್ದನ್ನು ಕೇಳಿಲ್ಲ. ಬಾಯಿ ತೆರೆದರೆ ಬಂದದ್ದು ನಮ್ಮೂರಿನ ಸೋಪಿನ ಜಾಹೀರಾತು. ಲೋಸಾ ಇದಲ್ಲ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು, ಅವಳಿಗೂ ಕಿವಿ ಇದೆ. ಫಕೀರಪ್ಪನವರದೂ ನನ್ನ ಗತಿಯೇ, ಸಾಲ ಕೊಡಲು ಅವರ ಬಳಿಯೂ ಹಾಡಿಲ್ಲ. ಇಂದಿಗೆ ಉತ್ಸವದ ಎಂಟನೆಯ ದಿನ. ದಿನಾ ಬೆಳಗ್ಗೆ ಎಲ್ಲರೂ ಚಾಪೆ ತಂದು ಹಾಸಿ, ನನ್ನ ಮುಖ ನೋಡುತ್ತಾ ಒಂದು ಗಂಟೆ ಕೂರುತ್ತಾರೆ, ಮತ್ತೆ ಸುತ್ತಿಕೊಂಡು ಹೋಗುತ್ತಾರೆ. ಬೈದರೆ ತಡೆದುಕೊಳ್ಳಬಹುದಿತ್ತು. ಯಾರೂ ಬೈಯುವುದಿಲ್ಲ; ಮಕ್ಕಳು ಬಂದು ನನಗೆ ಬೇಯಿಸಿದ ಗೆಣಸು ಕೊಟ್ಟು ಹೋಗುತ್ತಾರೆ. ನನಗೆ ನಾಚಿಕೆಯಾಗಿದೆ. ನಾಳೆ ಕಡೆಯ ದಿನ. ಮುಂದಿನ ಉತ್ಸವಕ್ಕೆ ನನಗೆ ಕಿವಿ ಇರುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಇದನ್ನು ಓದುವಾಗ ನಿಮ್ಮ ಕೈಯಲ್ಲಿ ಫೋನ್ ಇರಬಹುದು, ಅದರಲ್ಲಿ ಯಾರೋ ನಿಮಗಿಂತ ಎಷ್ಟೋ ಚೆನ್ನಾಗಿ ಹಾಡುತ್ತಿರಬಹುದು. ಅದನ್ನು ನಿಲ್ಲಿಸಿ. ಮನೆಯಲ್ಲಿರುವ ಮಗುವನ್ನು ಹತ್ತಿರ ಕೂರಿಸಿಕೊಂಡು ಯಾವುದಾದರೂ ಒಂದು ಹಾಡು ಹೇಳಿಕೊಡಿ, ನಿಮಗೆ ಬಂದ ಹಾಗೆ. ದನಿ ಚೆನ್ನಾಗಿಲ್ಲ ಎನ್ನಬೇಡಿ. ಒಬ್ಬೊಬ್ಬರಾಗಿ ಅದೇ ನೆಪ ಹೇಳಿಕೊಂಡೇ ನಾವು ಇಲ್ಲಿಗೆ ಬಂದು ನಿಂತದ್ದು. ಆ ಮಗು ದೊಡ್ಡದಾಗಿ ತನ್ನ ಮಗುವಿಗೆ ಕಲಿಸಲಿ. ಹೀಗೆ ಎಣಿಸುತ್ತಾ ಬಂದರೆ ಏಳನೆಯದೋ ಎಂಟನೆಯದೋ ಮಗು ನಾನು.

ನೀವು ಮಾಡುತ್ತೀರೆಂದು ನನಗೇನೂ ಭರವಸೆಯಿಲ್ಲ. ಪರಿಚಯವಿಲ್ಲದ ಹೆಂಗಸಿನ ಕಾಗದ, ಇದೇನೋ ಮೋಸ ಎಂದು ಪಕ್ಕಕ್ಕಿಡುತ್ತೀರಿ; ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಇಂದು ಹಾಕಿದ ಕಾಗದ ಓದಿ ನೀವು ಏನು ಮಾಡಿದರೂ ಅದರ ಫಲ ಬೆಳಗಾಗುವಷ್ಟರಲ್ಲಿ ಇಲ್ಲಿಗೆ ಬಂದು ಮುಟ್ಟಿರುತ್ತದೆ ಎನ್ನುತ್ತಾರೆ ಅಂಚೆಯವರು. ನಾಳೆ ಸಮುದ್ರ ಇಳಿದ ಮೇಲೆ ಬಲೆಮನೆಗೆ ಹೋಗಿ ಬಾಯಿ ತೆರೆಯುತ್ತೇನೆ. ಒಂದು ಹಾಡು ಬಂದರೆ ಅದು ಎಲ್ಲಿಂದ ಬಂತು, ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡುವುದಿಲ್ಲ, ಹಾಡಿಬಿಡುತ್ತೇನೆ.

ದಯವಿಟ್ಟು ಇವತ್ತೇ ಹಾಡಿ.

ನಿಮ್ಮವಳು,
ಚನ್ನಾಂಬಿಕೆ