ಕಾಯಿಲೆಯೂ ಹೌದು, ಗುಣವೂ ಹೌದು

ವಿಟ್ಬಿ,
೧೨ ಆಗಸ್ಟ್ ೨೦೧೯, ಸೋಮವಾರ

ನನ್ನ ಮುದ್ದು ಹೀದರ್,

ಹೇಗಿದ್ದೀಯ ಚಿನ್ನಾ? ಹಲ್ಲುನೋವು ಇಳಿಯಿತಾ? ಡಂಕನ್‌ನ ತಾಯಿ ಇನ್ನೂ ಮದುವೆ ಊಟದ ತಕರಾರಿನಲ್ಲೇ ಇದ್ದಾರಾ, ಇಲ್ಲಾ ಕುರಿಮಾಂಸವೇ ಇರಲಿ ಎಂದು ಒಪ್ಪಿಕೊಂಡರಾ? ಅವರ ಮಾತಿಗೆ ಎದುರಾಡಬೇಡ, ಹ್ಞೂಂ ಅಂದುಬಿಟ್ಟು ನಿನಗೆ ಬೇಕಾದದ್ದನ್ನೇ ಮಾಡು. ನಾನು ನಿನ್ನ ಅಜ್ಜಿಯ ಹತ್ತಿರ ಹಾಗೇ ಬಾಳಿದ್ದು. ನೀನು ಮೊದಲೇ ಸಿಟ್ಟು ಬಂದರೆ ಊಟ ಬಿಡುವವಳು. ಹೊತ್ತಿಗೆ ಸರಿಯಾಗಿ ತಿನ್ನು, ನಿದ್ದೆ ಮಾಡು. ಮಲಗಿಕೊಂಡೇ ಬರೆಯುತ್ತಿದ್ದೇನೆ, ಇವತ್ತೆರಡು ಸಾಲು ನಾಳೆಯೆರಡು ಸಾಲು ಎಂಬಂತೆ. ಅಕ್ಷರ ವಾಲಾಡಿದರೆ ಬೈಯಬೇಡ.

"ಮದ್ವೆಗೆ ಬರ್ತೀಯೋ ಇಲ್ವೋ, ಒಂದೇ ಮಾತಲ್ಲಿ ಹೇಳಮ್ಮಾ" ಎಂದು ನೀನು ಕೇಳಿ ಬಹಳ ದಿನವಾಯಿತು. ಒಂದೇ ಮಾತಿನಲ್ಲಿ ಹೇಳಲು ಬಾಯಿ ಬರುತ್ತಿಲ್ಲ. ಕಳೆದ ತಿಂಗಳು ನಾನು ಎಲ್ಲಿಗೆ ಹೋಗಿದ್ದೆ, ಏಕೆ ಹೋಗಿದ್ದೆ ಎಂಬುದನ್ನು ನೀನು ಮೊದಲು ಕೇಳಬೇಕು, ಅದೂ ನನ್ನಿಂದಲೇ ಕೇಳಬೇಕು. ನಿಮ್ಮಪ್ಪ ಹೇಳಲು ಹೊರಟರೆ ಅರ್ಧ ನುಂಗಿಬಿಡುತ್ತಾರೆ.

ಈಸ್ಟರ್ ಕಳೆದಾಗಿನಿಂದ ನಾನು ನಿನ್ನ ಮದುವೆಗಾಗಿಯೇ ಬಿದ್ದುಕೊಂಡಿದ್ದೆ. ಕೆಳಗಿಳಿಯಲಿಲ್ಲ, ರೇಡಿಯೋ ಹಾಕಲಿಲ್ಲ, ತಲೆಸ್ನಾನವನ್ನೂ ಆದಷ್ಟು ಮುಂದೂಡಿದೆ. ಬ್ರಿಸ್ಟಲ್‌ಗೆ ಹೋಗಿ, ನಿನ್ನನ್ನು ಕಣ್ತುಂಬ ನೋಡಿ, ವಾಪಸ್ ಬರುವಷ್ಟು ತ್ರಾಣ, ಒಂದೇ ಒಂದು ಸಲಕ್ಕೆ ಆಗುವಷ್ಟು, ಹೇಗೋ ಮೈಯಲ್ಲಿ ಕೂಡಿಕೊಂಡಿತ್ತು. ಈ ದೀರ್ಘಕಾಲದ ಆಯಾಸದ ಕಾಯಿಲೆಯ ಹೆಸರೇ ಕೆಟ್ಟದ್ದು ನೋಡು. ಕೇಳಿದವರಿಗೆಲ್ಲ ಮಧ್ಯಾಹ್ನ ಒಂದು ಕೋಳಿನಿದ್ದೆ ತೆಗೆದರೆ ಹೋಗಿಬಿಡುತ್ತದೆ ಅನ್ನಿಸುತ್ತದೆ. ಸುಸ್ತಾದರೆ ಮಲಗಿ ಎದ್ದವರು ಹಗುರಾಗುತ್ತಾರೆ. ನಾವು ಒಂದು ದಿನ ಎದ್ದು ಓಡಾಡಿದರೆ ತಿಂಗಳುಗಟ್ಟಲೆ ಏಳುವುದಿಲ್ಲ.

ನಮ್ಮ ರೋಗಿಗಳ ಸಂಘ ಕಂಡರೆ ನಿನಗೆ ಆಗುವುದಿಲ್ಲ, ಗೊತ್ತು. "ಕಾಯ್ಲೆ ಬಗ್ಗೆ ಓದಿ ಓದೀನೇ ಕಾಯ್ಲೆ ಜಾಸ್ತಿ ಮಾಡ್ಕೋತಾರೆ ಇವರೆಲ್ಲ" ಎಂದು ಹೋದ ಕ್ರಿಸ್‌ಮಸ್‌ನಲ್ಲಿ ನೀನು ತಟ್ಟೆ ತೊಳೆಯುತ್ತಾ ಅಪ್ಪನ ಹತ್ತಿರ ಅಂದಿದ್ದೆ. ನನಗೆ ಕೇಳಿಸಿತು ಕಣೇ. ಹಾಸಿಗೆ ಹಿಡಿದವರಿಗೆ ಕಿವಿ ಚುರುಕು. ಆದರೆ ನಾವು ಹೇಗೆ ಓದುತ್ತೇವೆ ಎಂದು ನೀನು ನೋಡಿಲ್ಲ. ನಮ್ಮಲ್ಲಿ ಒಬ್ಬರಿಗೂ ಒಂದು ಪುಟ ಪೂರ್ತಿ ಓದುವ ಶಕ್ತಿಯಿಲ್ಲ. ಗ್ಲೆನಿಸ್ ಒಂದು ಪ್ಯಾರಾ ಓದಿ, ಅದನ್ನು ಫೋನಿನಲ್ಲಿ ಹೇಳಿ, ಮಲಗಿಬಿಡುತ್ತಾಳೆ, ಮುಂದಿನದು ನನ್ನದು. ಅಂಕಿಸಂಖ್ಯೆ ಬಂದರೆ ಕ್ಲಿಫರ್ಡ್ ನೋಡಬೇಕು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ, ಮತ್ತೆ ಶುರು. ಒಂದು ಸಂಶೋಧನಾ ಲೇಖನ ಮುಗಿಸಲು ನಮಗೆ ಒಂದು ಚಳಿಗಾಲವೇ ಹಿಡಿಯಿತು.

ಅದು ಅಂತಿಂಥ ಲೇಖನವಲ್ಲ. ದಿನದಿನಕ್ಕೆ ನಡಿಗೆ, ವ್ಯಾಯಾಮ ಹೆಚ್ಚಿಸುತ್ತಾ ಹೋದರೆ ನಮ್ಮಂಥವರು ಗುಣವಾಗುತ್ತಾರೆ ಎಂದು ಹೇಳಿದ ಲೇಖನ. ವೈದ್ಯರ ಮಾರ್ಗಸೂಚಿಯಲ್ಲಿ ಆ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ನನಗೆ ಕೊಟ್ಟದ್ದೂ ಅದನ್ನೇ. ಕೋಲೂ ಇಲ್ಲದೆ ಕ್ಲಿನಿಕ್ಕಿನೊಳಗೆ ಹೋದವಳು ಕೊನೆಗೆ ಗಾಲಿಕುರ್ಚಿಯಲ್ಲಿ ಹೊರಗೆ ಬಂದೆ. ಒಂದು ಸಂಜೆ ಕ್ಲಿಫರ್ಡ್ ಫೋನ್ ಮಾಡಿ, "ನನ್ ತಲೆ ಓಡ್ತಿಲ್ಲ ಇವತ್ತು, ನೀವೊಂದ್ಸಲ ನೋಡಿ" ಎಂದರು. ನೂರು ಅಂಕದ ಒಂದು ಅಳತೆ ಅದರಲ್ಲಿದೆ, ಅಂಕ ಹೆಚ್ಚಿದಷ್ಟೂ ಮೈಯಲ್ಲಿ ಶಕ್ತಿ ಹೆಚ್ಚು ಎಂದರ್ಥ. ಎಪ್ಪತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಯಿಲೆಯವರು ಎಂದು ಅಧ್ಯಯನಕ್ಕೆ ಸೇರಿಸಿಕೊಂಡಿದ್ದಾರೆ. ಕೊನೆಯಲ್ಲಿ ಅದೇ ಅಳತೆಯಲ್ಲಿ ಅರವತ್ತೈದು ಇದ್ದರೂ ಸಾಕು, ಗುಣವಾದವರು! ನಲವತ್ತಕ್ಕೆ ಕಡಿಮೆ ಬಂದರೆ ಫೇಲು, ಮೂವತ್ತೈದು ಬಂದರೆ ಪಾಸು ಅಂದ ಹಾಗಾಯಿತು. ಮೂವತ್ತೇಳು ಬಂದ ಹುಡುಗಿ ಮನೆಗೆ ಹೋಗಿ ಏನು ಹೇಳಬೇಕು? ಎಪ್ಪತ್ತರಲ್ಲಿ ಒಳಗೆ ಹೋಗಿ ಅರವತ್ತಾರಕ್ಕೆ ಕುಸಿದವರೂ ಆ ಅಳತೆಯ ಮಟ್ಟಿಗೆ ಗುಣಮುಖರೇ.

ನಾವೆಂಥ ಪೆದ್ದರು ಅಂದರೆ, ಯಾರಿಗೂ ಸಿಟ್ಟೇ ಬರಲಿಲ್ಲ. ಮೊದಲು ನಮ್ಮ ನಮ್ಮ ತಲೆಯನ್ನೇ ಅನುಮಾನಿಸಿದೆವು. ಆಮೇಲೆ ಅಚ್ಚಿನ ತಪ್ಪಿರಬೇಕು ಅಂದುಕೊಂಡೆವು. "ದೊಡ್ಡೋರು ಪಾಪ, ನೊಂದ್ಕೋತಾರೆ, ನಯವಾಗಿ ಬರೀರಿ" ಎಂದಳು ಗ್ಲೆನಿಸ್. ಒಂದು ಸಣ್ಣ ಮುದ್ರಣದೋಷ ಕಣ್ಣಿಗೆ ಬಿತ್ತು, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ ಎಂದು ಆ ಲೇಖನ ಅಚ್ಚಾದ ಪತ್ರಿಕೆಗೆ ಬರೆದೆವು. ಮುದ್ರಣದೋಷ ಏನೂ ಇಲ್ಲ, ಅಂಕಿಗಳು ಸರಿಯಾಗಿವೆ ಎಂದು ಚುಟುಕಾಗಿ ಉತ್ತರ ಬಂತು. ಕ್ಲಿಫರ್ಡ್ ಫೋನಿನಲ್ಲೇ ಅತ್ತುಬಿಟ್ಟರು. "ನನ್ ಕ್ಲಾಸಲ್ಲಿ ಹಿಂಗೆ ಬರೆದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ದೆ" ಎಂದು ಆಮೇಲೆ ನಗಿಸಲು ನೋಡಿದರು. ಯಾರಿಗೂ ನಗು ಬರಲಿಲ್ಲ.

ಅಷ್ಟರಲ್ಲಿ ಮಾರ್ಗಸೂಚಿಯನ್ನು ಹೊಸದಾಗಿ ಬರೆಯುವ ಸಮಿತಿ ಲಂಡನ್ನಿನಲ್ಲಿ ಸಭೆ ಕರೆಯಿತು. ಒಂದು ಸಂಘಕ್ಕೆ ಒಂದೇ ಪ್ರಶ್ನೆ, ಅದನ್ನೂ ಖುದ್ದಾಗಿ ಬಂದು ಕೇಳಬೇಕು. ಎದ್ದು ಬರಲಾರದವರ ಕಾಯಿಲೆಯ ಬಗ್ಗೆ ಎದ್ದು ಬಂದೇ ಕೇಳಬೇಕಂತೆ! ಗ್ಲೆನಿಸ್ ಹೋಗುವುದೆಂದಿತ್ತು, ಹೊರಡುವ ಮುಂಚೆ ಅವಳೇ ನೆಲಕಚ್ಚಿದಳು. ಕ್ಲಿಫರ್ಡ್‌ಗೆ ಕೂರಲೂ ಆಗದು. ಇಮೋಜೆನ್ ಅಂತ ಒಬ್ಬಳಿದ್ದಾಳೆ ನಮ್ಮಲ್ಲಿ, ಹತ್ತೊಂಬತ್ತು ವರ್ಷ, ಶಾಲೆಯಲ್ಲಿ ಓಟದಲ್ಲಿ ಮೊದಲು ಬರುತ್ತಿದ್ದವಳು. ಅದೇ ವ್ಯಾಯಾಮ ಮಾಡಿಸಿ ಮಾಡಿಸಿ, ಈಗ ಕತ್ತಲೆಕೋಣೆಯಲ್ಲಿ ಮೂಗಿನ ನಳಿಕೆಯಿಂದ ಆಹಾರ. ಅವಳ ತಾಯಿ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದರು. "ಕೇಳಿ" ಎಂದಿತು ಆ ಮಗು, ಅಷ್ಟೇ. ಅದರ ಮುಂದೆ ಆಗುವುದಿಲ್ಲ ಎಂದು ನಾನು ಹೇಗೆ ಹೇಳಲಿ? ನಿಮ್ಮಪ್ಪ ಬಾಗಿಲಲ್ಲೇ ನಿಂತು, "ಅದು ಮದ್ವೆಗಿಟ್ಟಿರೋ ಶಕ್ತಿ ಡೋರೀನ್" ಎಂದರು. "ಎರಡೂ ಆಗತ್ತೆ ಬಿಡಿ" ಎಂದೆ ನಾನು.

ದೊಡ್ಡವರ ಮುಂದೆ ಹೋಗುವಾಗ ನೀಟಾಗಿರಬೇಕು ಎಂದು ನಮ್ಮಮ್ಮ ಕಲಿಸಿದ್ದು. ಕೆಂಪು ಸ್ವೆಟರ್ ಹಾಕಿ, ಲಿಪ್‌ಸ್ಟಿಕ್ ಹಚ್ಚಿಕೊಂಡು ಹೋದೆ. ನನ್ನ ಸರದಿ ಬರುವ ತನಕ ಹೊರಗೆ ನೆಲದ ಮೇಲೆ ಕೋಟು ಹಾಸಿ ಮಲಗಿದ್ದೆ. ಅದು ಯಾರಿಗೆ ಕಂಡೀತು? ಅಂಕಿಗಳನ್ನು ಓದಿದೆ. ನಂತರ ಕೇಳಿದೆ: "ಕ್ಲಿನಿಕ್ಕಿಗೆ ಸೇರಿದಾಗ ನನ್ನ ಅಂಕ ಅರವತ್ತೇಳು ಸಾರ್. ಈ ಲೆಕ್ಕದಲ್ಲಿ ನಾನು ಕಾಯ್ಲೆಯವಳೂ ಹೌದು, ಗುಣವಾದವಳೂ ಹೌದು. ಈಗ ಇಬ್ಬರಲ್ಲಿ ಯಾರು ಮನೆಗೆ ಹೋಗ್ಬೇಕು, ಹೇಳಿ." ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. "ಎಷ್ಟು ಚೆನ್ನಾಗಿ ಮಾತಾಡ್ತೀರಿ! ನೋಡೋಕೂ ಆರೋಗ್ಯವಾಗಿದೀರ, ಸಂತೋಷ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು ಹೀದರ್, ಆದರೂ ನನ್ನ ಎದೆಗೆ ಒದ್ದಂತಾಯಿತು. ತುದಿಯಲ್ಲಿ ಕೂತಿದ್ದ ಒಬ್ಬ ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಆ ಎರಡು ಅಂಕಿ ಇನ್ನೊಂದ್ಸಲ ಹೇಳ್ತೀರಾ" ಎಂದು ಕೇಳಿ ಬರೆದುಕೊಂಡರು. ಅದರಿಂದ ಏನಾದರೂ ಆಗುತ್ತದೋ ಇಲ್ಲವೋ, ದೇವರಾಣೆ ಗೊತ್ತಿಲ್ಲ.

ವಾಪಸ್ ಬಂದ ರೈಲಿನ ನೆನಪೇ ನನಗಿಲ್ಲ. ಅವತ್ತಿನಿಂದ ದಿಂಬಿನಿಂದ ತಲೆಯೆತ್ತಿದರೆ ಕೋಣೆ ತಿರುಗುತ್ತದೆ. ಓಟ್ಸ್ ಗಂಜಿಯನ್ನು ನಿಮ್ಮಪ್ಪ ಚಮಚದಲ್ಲಿ ತಿನ್ನಿಸುತ್ತಾರೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನೀನು ಅಂದರೆ ನಾನು ಎದುರಾಡುವುದಿಲ್ಲ. ಆದರೆ ಸುಳ್ಳು ಹೇಳಲಾರೆ ಮಗಳೇ, ಹೋದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಾಳೆ ಯಾವಳೋ ಹುಡುಗಿಗೆ ಇಮೋಜೆನ್‌ಗೆ ಆದದ್ದು ಆಗದಿದ್ದರೆ ಸಾಕು. ಪಶ್ಚಾತ್ತಾಪವಿಲ್ಲದಿದ್ದರೂ ಇಷ್ಟು ಸಂಕಟ ಹೇಗಿರುತ್ತದೆ ಎಂದು ಮಾತ್ರ ನನಗೆ ಅರ್ಥವಾಗಿಲ್ಲ. ನೆನೆದಾಗಲೆಲ್ಲ ಅಳು ಬರುತ್ತದೆ, ಅಳುವುದಕ್ಕೂ ಶಕ್ತಿ ಬೇಕು.

ಡಂಕನ್‌ಗೆ ನನ್ನ ಪ್ರೀತಿ ಹೇಳು, ಅವನ ತಾಯಿಗೆ ವಂದನೆ. ದೇವರು ನಿಮ್ಮಿಬ್ಬರಿಗೂ ಗಟ್ಟಿ ಕಾಲು, ಗಟ್ಟಿ ನಿದ್ದೆ, ಜಗಳವಾದ ದಿನವೂ ಒಟ್ಟಿಗೆ ಕೂತು ಉಣ್ಣುವ ಬುದ್ಧಿ ಕೊಡಲಿ.

ಸದಾ ನಿನ್ನವಳೇ ಆದ,
ಅಮ್ಮ

ತಾ.ಕ.: ಬರಲು ಆಗುವುದಿಲ್ಲ ಹೀದರ್. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. "ದಿನ ಇದೆ ಬಿಡೇ, ಎದ್ದೇಳ್ತೀಯ" ಎನ್ನುತ್ತಾ ಹೊರಗೆ ವ್ಯಾನಿಗೆ ಹಾಸಿಗೆ ಹೊಂದಿಸುತ್ತಿದ್ದಾರೆ, ಸಿಳ್ಳೆ ಕೇಳಿಸುತ್ತಿದೆ. ಅವರಿಗೆ ನೀನೇ ಹೇಳು, ನನ್ನ ಕೈಲಾಗದು. ಈ ಕಾಗದವನ್ನು ನರ್ಸಮ್ಮನ ಕೈಯಲ್ಲಿ ಅಂಚೆಗೆ ಕಳಿಸುತ್ತಿದ್ದೇನೆ, ಅವಳು ಹೊರಟು ನಿಂತಿದ್ದಾಳೆ. ಮದುವೆ ಮುಂದಕ್ಕೆ ಹಾಕಬೇಡ, ನನ್ನಾಣೆ. ಎಲ್ಲ ಮುಗಿದ ಮೇಲೆ ಒಂದು ದಿನ ಮದುವೆಯ ಬಟ್ಟೆ ಉಟ್ಟುಕೊಂಡು ಬಾ. ಸೆಂಟು ಹಾಕಿಕೊಳ್ಳಬೇಡ, ದೀಪ ಹಾಕಬೇಡ, ಮಾತಾಡಬೇಡ. ಹಾಸಿಗೆಯ ಪಕ್ಕ ಬಂದು ಒಂದು ನಿಮಿಷ ನಿಲ್ಲು, ಸಾಕು. ಕತ್ತಲಲ್ಲೇ ಕೈಯಿಂದ ಮುಟ್ಟಿ ನೋಡುತ್ತೇನೆ.