ನೆತ್ತರುಗೊಡಗೆಯ ಹೊಲ

ಕಡೂರು
2 ಜೂನ್ 2024, ಭಾನುವಾರ

ನನ್ನ ಮೇಲೆ ಕೋಪಿಸಿಕೊಂಡಿರುವ ಅಮ್ಮನಿಗೆ, ನಿನಗಿಂತ ಹೆಚ್ಚು ಕೋಪದಲ್ಲಿರುವ ಮಗಳು ಭುವನಾಳ ನಮಸ್ಕಾರ.

ಫೋನ್ ಮಾಡಬಹುದಿತ್ತು. ಮಾಡಿದರೆ ಕುಕ್ಕರ್ ಕೂಗುತ್ತಿದೆ ಎಂದು ಇಟ್ಟುಬಿಡುತ್ತೀಯ. ನಿನಗೆ ಬೇಡದ ಮಾತು ಬಂದಾಗಲೆಲ್ಲ ನಮ್ಮ ಮನೆಯ ಕುಕ್ಕರ್ ಕೂಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕಾಗದವಾದರೆ ಅರ್ಧಕ್ಕೆ ಇಟ್ಟರೂ ಮತ್ತೆ ಕೈಗೆತ್ತಿಕೊಳ್ಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಪಡಸಾಲೆಯಲ್ಲಿ ನಡೆದದ್ದು ನ್ಯಾಯವೇನಮ್ಮ? ನಿನ್ನ ಮಗ ತಿಮ್ಮೇಶ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲೇ ಅವನ ಹೆಂಡತಿ ಸ್ಪೂರ್ತಿಯನ್ನು ದೇವನೂರಿಗೆ, ಅವಳ ತವರಿಗೆ ಕಳಿಸಿಬಿಡೋಣ ಎಂದು ದೇವೀರಪ್ಪ ಚಿಕ್ಕಪ್ಪ ಹೇಳಿದ. ತಿಮ್ಮೇಶ ಉಳುತ್ತಿದ್ದ ಕೆರೆ ಕೆಳಗಿನ ಹೊಲವನ್ನು ಇನ್ನು ತಾನೇ ನೋಡಿಕೊಳ್ಳುತ್ತಾನಂತೆ. ಶುಕ್ರವಾರ ಈರುಳ್ಳಿ ಬಿತ್ತುತ್ತಾನಂತೆ. ಆ ಹೊಲದ ಕೇಡನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನಂತೆ, ಎಂಥ ತ್ಯಾಗಿ ನೋಡು. ಸ್ಪೂರ್ತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನೀನು ಕಾಫಿ ಲೋಟ ಹಂಚುತ್ತಿದ್ದೆ.

ಕೇಡು ಅಂದರೆ ಯಾವುದು? ಊರೆಲ್ಲ ಹೇಳಿಕೊಂಡು ಬಂದ ಅದೇ ಕತೆ. ಅದು ನೆತ್ರುಕೊಡ್ಗೆ ಹೊಲ, ನೆತ್ತರು ಕೊಡು ಎಂದು ಕೇಳುವ ಹೊಲ. ಮನೆಯ ಹೆಂಗಸು ಬದು ದಾಟಿದರೆ ಗಂಡಸಿನ ಜೀವ ಕೇಳುತ್ತದೆ. ತಿಮ್ಮೇಶನ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಮಗುಚಿದ ದಿನ ಸ್ಪೂರ್ತಿ ಬುತ್ತಿ ಹಿಡಿದು ಬದು ದಾಟಿದ್ದಳು. ಸಾಕಾಯಿತು, ತೀರ್ಪು ಬಂದೇಬಿಟ್ಟಿತು. ಮಳೆಗೆ ಜಾರುತ್ತಿದ್ದ ಮಣ್ಣು ಯಾರಿಗೂ ಕಾಣಲಿಲ್ಲ. ಸವೆದು ಬೋಳಾಗಿದ್ದ ಟೈರು ಕಾಣಲಿಲ್ಲ. ಆ ಹುಡುಗಿಯ ಕಾಲು ಮಾತ್ರ ಎಲ್ಲರಿಗೂ ಕಂಡಿತು.

ನಾನು ಬಾಯಿ ತೆಗೆದೆ. ಹೊಲದ ಮೂಲೆಯ ಕಲ್ಲನ್ನು ಓದಿದ್ದೇನೆ, ಒಂದು ಗಳಿಗೆ ಕೇಳಿ ಎಂದೆ. ಚಿಕ್ಕಪ್ಪ ಲೋಟ ಕೆಳಗಿಟ್ಟು ಹೇಳಿದ್ದನ್ನು ನೀನೂ ಕೇಳಿಸಿಕೊಂಡೆ. “ಇಸ್ಟರಿ ಓದ್ದೋಳು ನೀನು, ಸತ್ತೋರ ವಿಚಾರ ಮಾತಾಡು ಕಣವ್ವ. ಬದುಕಿರೋರ್ದು ನಮಗ್ ಬಿಡು.” ಎಲ್ಲರೂ ನಕ್ಕರು. ನೀನು ನಗಲಿಲ್ಲ, ನಿಜ. ಆದರೆ ಎದ್ದು ಒಳಗೆ ಹೋದೆ.

ಆ ನಗು ನನಗೆ ಹೊಸದಲ್ಲ. ಬಿ.ಎ.ಗೆ ಇತಿಹಾಸ ತೆಗೆದುಕೊಂಡ ದಿನವೇ, ರಾಜರು ಸತ್ತ ಇಸವಿ ಬಾಯಿಪಾಠ ಮಾಡಿದರೆ ಯಾರ ಹೊಟ್ಟೆ ತುಂಬುತ್ತದೆ ಎಂದು ಇದೇ ಚಿಕ್ಕಪ್ಪ ಕೇಳಿದ್ದ. ಈಗ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ, ಎಲ್ಲ ಫೋನಿನಲ್ಲೇ ಸಿಗುತ್ತಲ್ಲ ಮೇಡಂ, ಇದನ್ನು ಯಾಕೆ ಓದಬೇಕು ಅಂತ. ಈ ವರ್ಷ ಇತಿಹಾಸಕ್ಕೆ ಸೇರಿದವರು ಒಂದು ಬೆಂಚಿಗೆ ಸಾಲುವಷ್ಟು ಮಂದಿ. ನಾನು ಪುಸ್ತಕದ ಉತ್ತರ ಕೊಡುತ್ತಿದ್ದೆ, ಅವರು ಆಕಳಿಸುತ್ತಿದ್ದರು. ನಿನ್ನೆ ಬೀರೂರಿನಲ್ಲಿ ಬಸ್ಸಿಗೆ ಕಾಯುತ್ತ ಕೂತಾಗ ಸರಿಯಾದ ಉತ್ತರ ಹೊಳೆಯಿತು. ಹಳೆಯದನ್ನು ಯಾರೂ ಓದದೆ ಬಿಟ್ಟರೆ ಅದು ಸುಮ್ಮನೆ ಮಲಗಿರುವುದಿಲ್ಲ ಅಮ್ಮ. ಯಾರಿಗೆ ಲಾಭವೋ ಅವರು ಅದನ್ನು ತಮಗೆ ಬೇಕಾದ ಹಾಗೆ ತಿರುಗಿಸಿ ಹೇಳುತ್ತಾರೆ, ಆಮೇಲೆ ಅದೇ ಮಾತು ಬದುಕಿರುವವರನ್ನು ಮನೆಯಿಂದ ಹೊರಗೆ ಹಾಕುತ್ತದೆ.

ಈಗ ಕಲ್ಲಿನ ವಿಷಯ ಕೇಳು. ಅಲ್ಲಿ ಹೇಳಲು ಬಿಡಲಿಲ್ಲ, ಇಲ್ಲಿ ನನ್ನನ್ನು ತಡೆಯುವವರಿಲ್ಲ. ಸಂಕ್ರಾಂತಿ ರಜೆಯಲ್ಲಿ ನಾನು ಹಸಿ ಕಾಗದ ಒತ್ತಿ, ಮಸಿ ಹಚ್ಚಿ ಅದರ ಅಚ್ಚು ತೆಗೆದೆನಲ್ಲ, ಬಿಸಿಲು ಎಂದು ನೀನು ತಲೆಗೆ ಟವೆಲ್ ಕಳಿಸಿದ್ದೆಯಲ್ಲ. ಆ ಕಲ್ಲಿನ ಮೇಲೆ ಬಿಲ್ಲು ಹಿಡಿದು ನಿಂತವನನ್ನು ಊರವರು ನೆತ್ತರು ಕುಡಿಯುವ ಭೂತ ಎನ್ನುತ್ತಾರೆ. ಅವನು ಭೂತವಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರಿಗೆ ಅಡ್ಡ ನಿಂತು, ದನ ಬಿಡಿಸಿ, ತಾನು ಸತ್ತವನು. ಆಗ ಊರವರು ಸೇರಿ ಕೆರೆ ನೀರು ಹರಿಯುವ ಈ ಹೊಲವನ್ನು ಅವನ ಹೆಂಡತಿಗೆ ಬಿಟ್ಟುಕೊಟ್ಟರು. ಅಂಥ ಭೂಮಿಯನ್ನು ಆ ಕಾಲದಲ್ಲಿ ನೆತ್ತರುಗೊಡಗೆ ಎನ್ನುತ್ತಿದ್ದರು. ಕೊಡಗೆ ಎಂದರೆ ಕೊಟ್ಟದ್ದು. ನೆತ್ತರು ಸುರಿಸಿದವನ ಮನೆಯವರಿಗೆ ಕೊಟ್ಟ ನೆಲ. ನಮ್ಮವರ ಬಾಯಲ್ಲಿ ಅದು ನೆತ್ರುಕೊಡ್ಗೆಯಾಯಿತು, ಆಮೇಲೆ ನೆತ್ತರು ಕೊಡು ಆಯಿತು. ಕೊಟ್ಟ ನೆಲವನ್ನು ಕೇಳುವ ನೆಲ ಮಾಡಿಬಿಟ್ಟರು. ಗಂಡ ಸತ್ತವಳು ಬದುಕಲಿ ಎಂದು ಬಿಟ್ಟ ಹೊಲದಿಂದ ಗಂಡ ಸತ್ತವಳನ್ನೇ ಓಡಿಸುತ್ತಿದ್ದಾರೆ. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಅಲ್ಲಿ ಶಾಪ ಇರುವುದು ನಿಜ. ಕೊನೆಯ ಸಾಲಿನಲ್ಲಿದೆ. ಈ ನೆಲವನ್ನು ಅವಳಿಂದ ಕಿತ್ತುಕೊಂಡವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ತಟ್ಟಲಿ ಎಂದು ಕೆತ್ತಿದ್ದಾರೆ. ಬದು ದಾಟಿದವಳಿಗಲ್ಲ, ಕಿತ್ತುಕೊಂಡವನಿಗೆ. ಬೇಕಾದರೆ ಚಿಕ್ಕಪ್ಪನಿಗೆ ಇದನ್ನು ಎರಡು ಸಲ ಓದಿ ಹೇಳು.

ಅವಳ ಹೆಸರೂ ಅಲ್ಲಿತ್ತು. ಈಗ ಓದಲು ಆಗುವುದಿಲ್ಲ. ಸರಿಯಾಗಿ ಅದೇ ಜಾಗದಲ್ಲಿ ನಮ್ಮ ಗಂಡಸರು ತಲೆತಲಾಂತರದಿಂದ ಕುಡುಗೋಲು ಮಸೆದಿದ್ದಾರೆ. ಗಂಡನ ಹೆಸರು ಉಳಿದಿದೆ, ದನಗಳ ಮಾತು ಉಳಿದಿದೆ. ಅವಳ ಹೆಸರಿದ್ದ ಕಡೆ ನಿನ್ನ ಒರಳಿನ ಒಳಗಿನ ಹಾಗೆ ನುಣ್ಣಗಾಗಿದೆ. ಅಚ್ಚು ತೆಗೆದ ಕಾಗದದಲ್ಲಿ ಆ ಕಡೆ ಬರೀ ಕಪ್ಪು ಮಸಿ.

ನಿನ್ನ ಮೊರವನ್ನೂ ನೆನಪು ಮಾಡಿಕೋ. ವರ್ಷವರ್ಷವೂ ಬಿತ್ತನೆಗೆ ಮೊದಲು ಮನೆಯ ಹಿರಿ ಸೊಸೆ ಬದುವಿನ ಆಚೆ ನಿಂತು ಮೊರದಲ್ಲಿ ಬೀಜ ಕೊಡಬೇಕು, ಗಂಡಸರು ಕೈಯೊಡ್ಡಿ ಇಸಿದುಕೊಳ್ಳಬೇಕು. ಅದಿಲ್ಲದೆ ಆ ಹೊಲದಲ್ಲಿ ಯಾರೂ ಒಂದು ಕಾಳು ಚೆಲ್ಲುವಂತಿಲ್ಲ. ಅಜ್ಜಿ ಕೊಟ್ಟಳು, ಅವಳ ನಂತರ ನೀನು. ಅಪ್ಪ ಹೋದ ಮೇಲೆ ಮದುವೆ ಮುಂಜಿಗಳಲ್ಲಿ ನಿನ್ನನ್ನು ಹಿಂದೆ ನಿಲ್ಲಿಸಿದ ಜನ ಇದೊಂದಕ್ಕೆ ಮಾತ್ರ ಮುಂದೆ ಕರೆದರು. ಯಾಕೆ ಎಂದು ಯಾರಾದರೂ ಕೇಳಿದರಾ? ಇದನ್ನು ಕಲ್ಲು ಹೇಳುವುದಿಲ್ಲ, ನನ್ನ ಊಹೆ ಅಷ್ಟೇ. ಹೊಲದೊಡತಿಯನ್ನು ಕೇಳಿ ಬಿತ್ತುತ್ತಿದ್ದ ಕಾಲ ಒಂದಿತ್ತು, ಅವಳು ಗಂಡ ಸತ್ತವಳೇ ಆಗಿದ್ದಳು. ಆ ಕಾಲದ ನೆನಪು ನಿನ್ನ ಮೊರದಲ್ಲಿ ಉಳಿದಿದೆ.

ಕಾನೂನು ಸ್ಪೂರ್ತಿಯ ಕಡೆಗಿದೆ, ನಾನು ಅವಳನ್ನು ಕಚೇರಿಗೆ ಕರೆದುಕೊಂಡು ಹೋಗಬಲ್ಲೆ. ಆದರೆ ಕಚೇರಿ ಕೊಡಿಸಿದ ಹೊಲದಲ್ಲಿ ಅವಳು ಒಬ್ಬಳೇ ನಿಲ್ಲಬೇಕಾಗುತ್ತದೆ. ನೀನು ಒಂದು ಮಾತು ಹೇಳಿದರೆ ಹಾಗಾಗುವುದಿಲ್ಲ. ನನಗೆ ಪರೀಕ್ಷೆಯ ಕೆಲಸ ಇದೆ, ಶುಕ್ರವಾರ ಬರಲಾರೆ. ಒಳಗೆ ಹೋಗಬೇಡಮ್ಮ ಈ ಸಲ.

ಇಂತಿ ನಿನ್ನ ಮೊಂಡು ಮಗಳು
ಭುವನಾ


8 ಜೂನ್, ಶನಿವಾರ

ಭುವನಾ, ಕೋಪ ಇಳಿದಿದ್ದರೆ ಓದು. ಇಳಿಯದಿದ್ದರೆ ಒಂದು ಲೋಟ ನೀರು ಕುಡಿದು ಓದು.

ಕುಕ್ಕರ್ ವಿಷಯ ಬರೆಯಬಾರದಿತ್ತು. ಒಳಗೆ ಹೋದೆ, ಒಳಗೆ ಹೋದೆ ಎಂದು ಎರಡು ಸಲ ಬರೆದಿದ್ದೀಯ. ಅವರೆಲ್ಲ ನಕ್ಕಾಗ ಸ್ಪೂರ್ತಿ ಹಿತ್ತಲ ಬಾಗಿಲಿಂದ ಹೊರಟಿದ್ದಳು, ಬ್ಯಾಗೂ ಕೈಯಲ್ಲಿತ್ತು. ಅದಕ್ಕೆ ಹೋದೆ. ಕಲ್ಲನ್ನು ಓದುವವಳಿಗೆ ತಾಯಿಯ ಮುಖ ಓದಲು ಬರುವುದಿಲ್ಲವಾ? ಕಂಡವರ ಎದುರು ಕೂಗಾಡಿ ಬಸ್ ಹತ್ತಿದ್ದು ನೀನು. ಇಲ್ಲಿ ಉಳಿದವಳು ನಾನು.

ನಿನ್ನೆ ಬೆಳಿಗ್ಗೆ ದೇವೀರಪ್ಪ ಆಳುಗಳನ್ನು ಕಟ್ಟಿಕೊಂಡು ಹೊಲಕ್ಕೆ ಬಂದ. ಬದುವಿನ ಒಳಗೆ ನಿಂತು ಬೀಜಕ್ಕೆ ಕೈಯೊಡ್ಡಿದ. ನಾನು ಮೊರ ಹಿಡಿದುಕೊಂಡೇ ನಿಂತೆ. ಯಾಕೆ ಅತ್ತಿಗೆ ಎಂದು ಕೇಳಿದ. ನಿನ್ನ ಕಾಗದ ಸೊಂಟದಲ್ಲಿತ್ತು, ತೆಗೆದು ಕೊನೆಯ ಸಾಲಿನ ಮಾತನ್ನು ಆಳುಗಳಿಗೂ ಕೇಳುವ ಹಾಗೆ ಓದಿದೆ. ಎರಡು ಸಲ ಬೇಕಾಗಲಿಲ್ಲ. ಅವನಿಗೆ ಕಚೇರಿ ಕಾನೂನಿನ ಭಯವಿಲ್ಲ, ಕಾಶಿಯ ಹಸುವಿನ ಭಯ ಬಹಳ ಇದೆ. ಒಡ್ಡಿದ್ದ ಕೈ ಹಿಂದಕ್ಕೆ ತೆಗೆದ. “ಬೀಜ ಕೊಡೋಳು ನಾನು ಕಣಪ್ಪ. ಈ ಸಲ ನನ್ ಸೊಸೆ ಕೈಗೆ ಕೊಡ್ತೀನಿ” ಎಂದೆ. ಬೀಜ ಸಿಗದೆ ಬಿತ್ತುವ ಧೈರ್ಯ ಅವನಿಗೂ ಇರಲಿಲ್ಲ, ಆಳುಗಳಿಗೂ ಇರಲಿಲ್ಲ. ಅವನು ಹೊರಟುಹೋದ, ಆಳುಗಳು ಉಳಿದರು.

ನನ್ನ ಜೊತೆ ಬಂದಿದ್ದ ಸ್ಪೂರ್ತಿ ಮೊರ ಇಸಿದುಕೊಂಡು, ಎಲ್ಲಿ ನಿಲ್ಲಲಿ ಅತ್ತೆ ಎಂದು ಕೇಳಿದಳು. ಒಳಗೆ ಹೋಗು ಎಂದೆ. ಅವಳು ಬದು ದಾಟಿ ಹೋದಳು. ಅವಳ ಹಿಂದೆ ನಾನೂ ಹೋದೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಆ ಹೊಲದ ಮಣ್ಣು ನನ್ನ ಕಾಲಿಗೆ ತಾಗಿದ್ದು ಅದೇ ಮೊದಲು. ನನ್ನ ಮಗ ಬಿದ್ದ ಜಾಗವನ್ನು ನಾನು ನಿನ್ನೆ ನೋಡಿದೆ. ಇಬ್ಬರೂ ಅಲ್ಲಿ ಸ್ವಲ್ಪ ಹೊತ್ತು ಕೂತು ಅತ್ತೆವು, ಆಮೇಲೆ ಬಿತ್ತನೆ ಮುಗಿಸಿಕೊಂಡು ಮನೆಗೆ ಬಂದೆವು.

ನೀನು ಕಲ್ಲಿನಲ್ಲಿ ಇಲ್ಲದ್ದನ್ನೆಲ್ಲ ಹುಟ್ಟಿಸಿಕೊಂಡು ಓದಿದ್ದೀಯ ಎಂದು ದೇವೀರಪ್ಪ ಈಗ ಊರಲ್ಲೆಲ್ಲ ಹೇಳುತ್ತಿದ್ದಾನೆ. ನೀನೊಬ್ಬಳೇ ಓದಿದರೆ ಹಾಗೇ ಹೇಳುತ್ತಾರೆ. ಆ ಒಂದು ಬೆಂಚಿನ ಮಕ್ಕಳನ್ನು ಕರೆದುಕೊಂಡು ಬಾ. ಅವರೂ ಓದಲಿ, ಊರವರ ಮುಂದೆ ಜೋರಾಗಿ ಓದಲಿ. ಅಡುಗೆ ನಾನು ಮಾಡುತ್ತೇನೆ.

ನಿನ್ನ ಅಮ್ಮ
ಅಂಬಮ್ಮ

ಬರೆಯಲು ಮರೆತದ್ದು: ನಿನ್ನೆ ಸಂಜೆ ನಾವು ಹೊಲದಿಂದ ಹೊರಡುವ ಮೊದಲು ಒಬ್ಬ ಆಳು ಕುಡುಗೋಲು ಹಿಡಿದು ಆ ಕಲ್ಲಿನ ಹತ್ತಿರ ಹೋದ. ನಿನ್ನ ಕಾಗದವನ್ನು ಪೂರ್ತಿ ಓದಿದ್ದ ಸ್ಪೂರ್ತಿ ಓಡಿಹೋಗಿ ತಡೆದಳು. “ಅಲ್ಲಿ ಮಸೀಬೇಡ ಕಣಣ್ಣ, ಅಲ್ಲೊಬ್ರ ಹೆಸರೈತೆ” ಎಂದಳು.