ಬೆಟ್ಟಸ್ವಾಮಿಯವರ ಕಣ್ಣು ತೆಗೆದದ್ದು ನಮ್ಮ ಕಲ್ಲಲ್ಲ

ಪೊಲೀಸ್ ಪಡೆಯ ಚರಿತ್ರೆ ಬರೆಸಿದ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ನೀವು ಬರೆಸಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಒಂದು ಸುಳ್ಳಿದೆ. ಮಿರ್ಲೆಯಾಚೆಯ ನಾಲೆ ಸೇತುವೆಯ ಮೇಲೆ ರೈತರು ತೂರಿದ ಕಲ್ಲಿಗೆ ಕಾನ್‌ಸ್ಟೆಬಲ್ ಬೆಟ್ಟಸ್ವಾಮಿಯವರ ಎಡಗಣ್ಣು ಹೋಯಿತು ಎಂದು ಬರೆಸಿದ್ದೀರಿ. ಆ ಕಣ್ಣು ಹೋದದ್ದು ನಿಮ್ಮದೇ ಪಡೆಯ ಲಾಠಿಯಿಂದ. ನಾನು ಅಲ್ಲೇ ಒಂದು ಮಾರು ದೂರದಲ್ಲಿ ಬಿದ್ದಿದ್ದೆ.

ಉಳಿದಂತೆ ಪುಸ್ತಕ ಚೆನ್ನಾಗಿದೆ, ಒಪ್ಪುತ್ತೇನೆ. ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೂ ಒಂದು ಪ್ರತಿ ಬಂತು. ಅರಸರ ಕಾಲದಲ್ಲಿ ತೋಟಿ, ತಳವಾರರು ಊರು ಕಾಯುತ್ತಿದ್ದುದು, ಆಮೇಲೆ ಸಂಬಳದ ಪೇದೆ, ದಫೇದಾರರು ಬಂದದ್ದು, ಠಾಣೆಗಳ ಮೇಲೆ ಸರ್ಕಲ್, ಸರ್ಕಲ್‌ಗಳ ಮೇಲೆ ಉಪವಿಭಾಗ, ಅದರ ಮೇಲೆ ಜಿಲ್ಲೆ, ಗಲಾಟೆಯಾದ ಕಡೆ ಇಳಿಸಲು ಬೇರೆಯೇ ಒಂದು ಮೀಸಲು ಪಡೆ, ಎಲ್ಲವೂ ವಿವರವಾಗಿದೆ. ಯಾರು ಯಾರಿಗೆ ಸಲ್ಯೂಟ್ ಹೊಡೆಯಬೇಕು ಎಂಬುದು ಚಿತ್ರ ಸಮೇತ ಇದೆ. ಯಾರು ಯಾರಿಗೆ ಹೊಡೆಯಬಾರದು ಎಂಬ ಅಧ್ಯಾಯ ಮಾತ್ರ ಬಿಟ್ಟುಹೋಗಿದೆ.

ನಿಮ್ಮ ಚಿತ್ರದಲ್ಲಿ ಎಲ್ಲರಿಗಿಂತ ಕೆಳಗಿರುವವರು ಬೀಟ್ ಕಾನ್‌ಸ್ಟೆಬಲ್. ಬೆಟ್ಟಸ್ವಾಮಿ ಇದ್ದದ್ದು ಅಲ್ಲಿ. ಕಾಕನಕೋಟೆಯ ಕಾಡಂಚಿನ ಗಿರಿಜನ ಹಾಡಿಯವರು. ನಮ್ಮ ಊರುಗಳ ಬೀಟಿಗೆ ಬಂದಾಗ ನಾವೇನೂ ಆರತಿ ಎತ್ತಿ ಕರೆದುಕೊಳ್ಳಲಿಲ್ಲ. ಬಂದ ಹೊಸದರಲ್ಲೇ ನಮ್ಮ ಮನೆ ಯಜಮಾನರಾದ ಗಂಗಾಧರಪ್ಪನವರನ್ನು ಹೆಲ್ಮೆಟ್ ಇಲ್ಲವೆಂದು ಬಿಸಿಲಲ್ಲಿ ನಿಲ್ಲಿಸಿದ್ದರು. ಆದರೆ ಗಂಡ ಹೆಂಡಿರ ಜಗಳವಿರಲಿ, ದನ ನುಗ್ಗಿದ ತಕರಾರಿರಲಿ, ಜಗಲಿಯ ಮೇಲೆ ಕೂತು ಇಬ್ಬರ ಮಾತನ್ನೂ ಕೇಳುತ್ತಿದ್ದರು. ಅವರು ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಬರಬರುತ್ತಾ ನಮ್ಮ ಹೆಂಗಸರಿಗೆ ಠಾಣೆ ಎಂದರೆ ಬೆಟ್ಟಸ್ವಾಮಿಯವರೇ ಎಂದಾಯಿತು.

ಹೋದ ವರ್ಷ ನಾಟಿಯ ಹೊತ್ತಿಗೆ ಚುಂಚನಕಟ್ಟೆಯ ನೀರು ನಾಲೆಯ ಕೊನೆಯಲ್ಲಿರುವ ನಮಗೆ ಬರಲಿಲ್ಲ. ಸಸಿಮಡಿ ಹಳದಿಗೆ ತಿರುಗಿತ್ತು. ಸೇತುವೆಯ ಮೇಲೆ ಹೋಗಿ ಕುಳಿತೆವು. ಬೆಟ್ಟಸ್ವಾಮಿಯವರೇ ಫೋನ್ ಮಾಡಿ ನೀರಾವರಿ ಎಂಜಿನಿಯರನ್ನು ಕರೆಸಿದರು. ಅವರು ಬಂದು, ತೂಬು ತೆಗೆಸುತ್ತೇನೆ ಎಂದರು. ಗಂಡಸರು ಪಂಚೆ ಕೊಡವಿಕೊಂಡು ಏಳುವುದರಲ್ಲಿದ್ದರು. ಆಗ ಮೀಸಲು ಪಡೆಯ ವ್ಯಾನು ಬಂತು.

ಇಳಿದ ಅಧಿಕಾರಿಗೆ ನಮ್ಮಲ್ಲೊಬ್ಬರ ಮುಖವೂ ಗೊತ್ತಿರಲಿಲ್ಲ. ಬೆಟ್ಟಸ್ವಾಮಿ ಓಡಿಹೋಗಿ ಸಲ್ಯೂಟ್ ಹೊಡೆದು, "ಎದ್ದೋಯ್ತಾವ್ರೆ ಸಾರ್. ನನ್ ಬೀಟ್ನೋರು, ನಾನೇ ಕಳಿಸ್ತೀನಿ, ಒಂದ್ಗಳಿಗೆ ಬುಡಿ" ಎಂದರು. ಪಕ್ಕಕ್ಕೆ ನಿಲ್ಲು ಎಂದು ಗದರಿಸಿ ಆ ಅಧಿಕಾರಿ ಸೀಟಿ ಊದಿದರು.

ಲಘು ಲಾಠಿ ಪ್ರಹಾರ ಎಂದು ನಿಮ್ಮ ಪುಸ್ತಕ ಹೇಳುತ್ತದೆ. ಆ ಲಘುವಿಗೆ ಮುರಿದ ನನ್ನ ಮಣಿಕಟ್ಟು ಇನ್ನೂ ಪೂರ್ತಿ ತಿರುಗುವುದಿಲ್ಲ. ಮಂಡಿನೋವಿನ ಮುದುಕರು ನಂಜಣ್ಣ, ಬೇಗ ಏಳಲಾರದೆ ನೆಲಕ್ಕೆ ಕೈ ಊರಿಕೊಂಡಿದ್ದರು. ಆ ಬೆರಳುಗಳ ಮೇಲೆ ಬಡಿದರು, ಆಮೇಲೆ ಬಾಯಿಗೆ. ರಕ್ತದ ಜೊತೆ ಹಲ್ಲುಗಳು ಟಾರಿನ ಮೇಲೆ ಬಿದ್ದವು. ನಮ್ಮ ಯಜಮಾನರು ನಂಜಣ್ಣನವರ ಮೇಲೆ ಅಡ್ಡವಾಗಿ ಬೋರಲು ಬಿದ್ದರು. ಲಾಠಿಗಳೆಲ್ಲ ಯಜಮಾನರ ಬೆನ್ನಿಗೆ, ಕತ್ತಿಗೆ ತಿರುಗಿದವು. ಕಣದಲ್ಲಿ ಹುರುಳಿ ಬಡಿಯುವ ಹಾಗೆ, ಒಂದೇ ಸಮನೆ. ಬೆಟ್ಟಸ್ವಾಮಿ, "ಸತ್ತೋಯ್ತಾರೆ ಕಣ್ರಪ್ಪ, ಬುಡ್ರಪ್ಪ" ಎನ್ನುತ್ತಾ ನುಗ್ಗಿ ಯಜಮಾನರ ತಲೆಯನ್ನು ತಮ್ಮ ತೋಳುಗಳಿಂದ ಮುಚ್ಚಿದರು. ಲಾಠಿಯ ತುದಿ ಅವರ ಕಣ್ಣಿಗೆ ಹೊಕ್ಕಿತು. ಹೊಡೆದವನಿಗೆ ಮೈಮೇಲಿನ ಖಾಕಿ ಕಾಣಲೇ ಇಲ್ಲ, ಮತ್ತೂ ಹೊಡೆದ. ಪಕ್ಕದವನು, "ನಮ್ಮೋನು ಕಣ್ಲಾ ಅವ್ನು" ಎಂದಾಗ ಎಲ್ಲ ನಿಂತಿತು.

ನಮ್ಮವನು ಎಂದು ಗೊತ್ತಾದರೆ ನಿಲ್ಲುವ ಕೈ, ಅಧಿಕಾರಿಗಳೇ, ನಂಜಣ್ಣನವರನ್ನು ಯಾರವರು ಎಂದುಕೊಂಡಿತ್ತು?

ಯಜಮಾನರೇ ಬೆಟ್ಟಸ್ವಾಮಿಯವರನ್ನು ಹೆಗಲ ಮೇಲೆ ಹೊತ್ತು ವ್ಯಾನಿನಲ್ಲಿ ಮಲಗಿಸಿದರು. ಯಜಮಾನರ ಅಂಗಿಗೆ ಹತ್ತಿದ ಆ ರಕ್ತವೇ ಸಾಕ್ಷ್ಯವಾಯಿತು. ಸಂಜೆ ಆಸ್ಪತ್ರೆಯಲ್ಲೇ ಅವರನ್ನು ಹಿಡಿದರು. ಪೊಲೀಸರ ಮೇಲೆ ಕೊಲೆಯತ್ನ, ಒಂದನೇ ಆರೋಪಿ! ಠಾಣೆಯಲ್ಲಿ ಅಂಗಾಲಿಗೆ ಹೊಡೆಯುತ್ತಾ ಕಲ್ಲೆಲ್ಲಿ ಎಂದು ಕೇಳಿದರು. ಇಲ್ಲದ ಕಲ್ಲನ್ನು ಎಲ್ಲಿಂದ ತರುವುದು? ಚರ್ಮ ಬಿರಿದ ಮೇಲೆ ಯಜಮಾನರು, ತೋರಿಸುತ್ತೇನೆ ಬಿಡಿ ಎಂದರು. ನಿಮ್ಮವರು ಅವರನ್ನು ನಾಲೆಯ ದಂಡೆಗೆ ಎತ್ತಿಕೊಂಡು ಹೋಗಿ, ತಮಗೆ ಒಪ್ಪಿಗೆಯಾದ ಕಲ್ಲೊಂದನ್ನು ಆರಿಸಿಕೊಂಡರು. ಅದೀಗ ನ್ಯಾಯಾಲಯದ ವಶದಲ್ಲಿದೆ.

ಅತ್ತ ಮೈಸೂರಿನ ಆಸ್ಪತ್ರೆಯಲ್ಲಿ, ಕಲ್ಲೇಟು ಎಂದು ಸಹಿ ಹಾಕಿದರೆ ಬಡ್ತಿ ಖಂಡಿತ ಎಂದು ಬೆಟ್ಟಸ್ವಾಮಿಯವರಿಗೆ ನಿಮ್ಮವರೊಬ್ಬರು ಹೇಳಿದರಂತೆ. ಹಾಸಿಗೆಯ ಪಕ್ಕದಲ್ಲಿದ್ದ ಅವರ ಹೆಂಡತಿ ಬೆಳ್ಳಿ ನನಗೆ ತಿಳಿಸಿದ್ದು ಇದು. ಅದಕ್ಕೆ ಅವರು, "ಓಗಿರದು ಒಂದ್ ಕಣ್ಣು ಸಾರ್. ಒಡೆದೋರ್ನ ಎಲ್ಡ್ ಕಣ್ಣಲ್ಲೂ ನೋಡಿವ್ನಿ" ಎಂದು ಮುಖ ತಿರುಗಿಸಿದರಂತೆ. ಮ್ಯಾಜಿಸ್ಟ್ರೇಟರ ಮುಂದೆಯೂ ಹಾಗೆಯೇ ಹೇಳಿದರು. ಆ ಮಾತಿನಿಂದ ನಮ್ಮ ಯಜಮಾನರಿಗೆ ಜಾಮೀನು ಸಿಕ್ಕಿತು, ಬೆಟ್ಟಸ್ವಾಮಿಯವರಿಗೆ ಅಮಾನತು ಸಿಕ್ಕಿತು. ಮೇಲಧಿಕಾರಿಯ ಆದೇಶ ಮೀರಿದ್ದು ಅಶಿಸ್ತಂತೆ. ಈಗ ಅವರು ಹಾಡಿಯಲ್ಲಿದ್ದಾರೆ, ಬೆಳ್ಳಿ ಶುಂಠಿ ಹೊಲದ ಕೂಲಿಗೆ ಹೋಗುತ್ತಾರೆ. ವಿಚಾರಣೆಯ ದಿನ ಕೃಷ್ಣರಾಜನಗರದಲ್ಲಿ ಆರೋಪಿ, ಗಾಯಾಳು ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾರೆ. ಸರ್ಕಾರಿ ವಕೀಲರಿಗೆ ಅದು ಸರಿಕಾಣುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕಳೆದ ತಿಂಗಳು ನಮ್ಮ ಬೀದಿಯ ಅಣ್ಣತಮ್ಮಂದಿರು ಮಹೇಂದ್ರ, ಯತೀಶ್ ಪಂಪ್‌ಸೆಟ್ಟಿನ ಸರದಿಗಾಗಿ ಬೆಳಿಗ್ಗೆಯಿಂದ ಬೈದಾಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಮಹೇಂದ್ರ ಮಚ್ಚು ಹಿಡಿದು ತಿರುಗುತ್ತಿದ್ದ. ಹೊಸ ಬೀಟಿನವರ ನಂಬರ್ ಪಂಚಾಯಿತಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿದೆ. ಯಾರೂ ಕರೆಯಲಿಲ್ಲ. ನಾನು ಫೋನ್ ಎತ್ತಿಕೊಂಡೆ. ತಡೆದವಳು ಯತೀಶನ ಹೆಂಡತಿ ರೂಪಶ್ರೀ. "ಬ್ಯಾಡ ಕಣಕ್ಕ, ಅವ್ರು ಬಂದ್ರೆ ಇಬ್ರನ್ನೂ ಸಾಯ್ಸ್ತಾರೆ" ಎಂದಳು. ನನ್ನ ಗಂಡನ ಅಂಗಾಲನ್ನು ಅವಳೂ ನೋಡಿದ್ದಳು. ಫೋನ್ ಕೆಳಗಿಟ್ಟೆ. ಹೊತ್ತು ಇಳಿಯುವ ಮುಂಚೆ ಮಹೇಂದ್ರ ತಮ್ಮನ ಕತ್ತಿಗೆ ಮಚ್ಚು ಬೀಸಿದ. ರೂಪಶ್ರೀ ಎರಡೂ ಕೈಗಳಿಂದ ಗಾಯವನ್ನು ಒತ್ತಿ ಹಿಡಿದುಕೊಂಡು ಕುಳಿತಿದ್ದಳು. ಅವಳ ಬೆರಳುಗಳ ಸಂದಿಯಿಂದಲೇ ಯತೀಶನ ಜೀವ ಹೋಯಿತು.

ಆ ಸಾವಿನಲ್ಲಿ ನಿಮ್ಮ ಸೀಟಿಗೆ ಪಾಲಿಲ್ಲ ಎಂದು ಹೇಳಬಲ್ಲಿರಾ?

ಪುಸ್ತಕದ ಆ ಪುಟ ತೆಗೆಸಿ, ನಡೆದದ್ದನ್ನು ಬರೆಸಿ. ಮೊಕದ್ದಮೆ ಹಿಂತೆಗೆದುಕೊಳ್ಳಿ. ಸೀಟಿ ಊದಿದವರನ್ನೂ ಅಂಗಾಲಿಗೆ ಹೊಡೆದವರನ್ನೂ ಕಟಕಟೆಗೆ ತನ್ನಿ. ಬೆಟ್ಟಸ್ವಾಮಿಯವರನ್ನು ನಮ್ಮ ಬೀಟಿಗೆ ವಾಪಸು ಕಳಿಸಿ. ಒಂದೇ ಕಣ್ಣಿನವರು ಕೆಲಸಕ್ಕೆ ಅನರ್ಹರು ಎಂಬ ನಿಯಮ ಹುಡುಕಬೇಡಿ, ನಮಗೆ ಅಷ್ಟು ಕಣ್ಣು ಸಾಕು. ಯತೀಶನ ಮನೆಗೂ ಮಹೇಂದ್ರನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಎರಡೂ ಕಡೆ ಮಕ್ಕಳು ಬೆಳೆಯುತ್ತಿದ್ದಾರೆ. ಮುಂದಿನ ಸಲ ಮಚ್ಚು ಹೊರಗೆ ಬಂದಾಗ ನಾವು ಯಾರನ್ನು ಕರೆಯಬೇಕು? ಅದಕ್ಕೊಂದು ಉತ್ತರ ಕೊಡಿ.

ಇಂತಿ,
ಶಾಂತಿ ಸುವ್ಯವಸ್ಥೆಯ ಕೈಯಿಂದ ಹೇಗೋ ಪಾರಾಗಿ ಉಳಿದಿರುವ
ಸುನಂದಮ್ಮ